ಬಿಸಿನೀರಿಗೆ ಬಿಟ್ಟ ಮೀನು

ವಾಲ್ಪಾರೆಯಿಂದ ಮೇಲೆ, ಆನೆಮಲೆಯ ನೆತ್ತಿಯ ಹುಲ್ಲುಗುಡ್ಡಗಳ ನಡುವೆ ಕೋನಲಾರ್ ಎಂಬ ತೊರೆಯೊಂದು ಹರಿಯುತ್ತದೆ. ಕೊಯಮತ್ತೂರು ಜಿಲ್ಲೆಯ ಬಯಲಿನ ಬಿಸಿಲನ್ನಷ್ಟೇ ಬಲ್ಲವರಿಗೆ ಅಲ್ಲಿಯ ನೀರಿನ ತಣ್ಪು ಸೋಜಿಗವೆನಿಸುತ್ತದೆ. ಚಹಾ ತೋಟದ ದೊರೆಗಳು ಪರದೇಶದ ಟ್ರೌಟ್ ಮೀನನ್ನು ತಂದು ಆ ತೊರೆಗೆ ಬಿಟ್ಟರು. ಗಾಳ ಹಾಕಲು ಬರುವವರಿಗೆಂದು ಒಂದು ತಂಗುಮನೆಯನ್ನೂ ಕಟ್ಟಿಕೊಂಡರು. ಪಕ್ಕದ ನೀಲಗಿರಿಯ ಅವಲಾಂಚಿಯಲ್ಲಿ ಇದೇ ಮೀನಿನ ಮರಿ ಬೆಳೆಸುವ ಕೇಂದ್ರ 1907ರಲ್ಲಿಯೇ ಹುಟ್ಟಿತ್ತು.

ಟ್ರೌಟ್ ಹಿಡಿಯುವ ಈ ಆಟದಲ್ಲಿ ಎರೆಹುಳುವಿಗೆ ಸ್ಥಾನವಿಲ್ಲ. ಗಾಳಕ್ಕೆ ಗರಿಯನ್ನೂ ನೂಲನ್ನೂ ಸುತ್ತಿ ನೊಣದ ರೂಪ ಕೊಟ್ಟು, ಅದು ನೀರಿನ ಮೇಲೆ ತಾನಾಗಿ ಇಳಿದಂತೆ ಎಸೆಯಬೇಕು. ಇದೊಂದು ವಿದ್ಯೆಯೆಂಬುದನ್ನು ನಾನು ಅಲ್ಲಗಳೆಯಲಾರೆ. ಮೀನು ಹಿಡಿಯುವುದನ್ನು ವಿನೋದವೆಂದು ಬಗೆದದ್ದು ನಮಗೂ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನು. ಆದರೆ ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವುದು ಇಂದಿನ ಹವ್ಯಾಸಿಗಳ ಹೆಮ್ಮೆ. ನನ್ನ ತಕರಾರು ಆ ಹೆಮ್ಮೆಯ ಬಗೆಗೆ, ಅದೂ ಬೇಸಿಗೆಯಲ್ಲಿ.

ಟ್ರೌಟ್ ತಣ್ಣೀರಿನ ಜೀವಿ. ನೀರಿನ ಶಾಖ 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದಕ್ಕೆ ಹಿತ. 20 ದಾಟಿದರೆ ಸಂಕಟ. 25ರ ಸುಮಾರಿಗೆ ಪ್ರಾಣಕ್ಕೇ ಅಪಾಯ. ನೀರು ಬಿಸಿಯಾದಂತೆ ಅದರೊಳಗಿನ ಆಮ್ಲಜನಕ ತಗ್ಗುತ್ತದೆ, ಮೀನಿನ ದೇಹ ಕೇಳುವ ಆಮ್ಲಜನಕವಾದರೋ ಹೆಚ್ಚುತ್ತದೆ. ಇಂಥ ಹೊತ್ತಿನಲ್ಲಿ ಗಾಳಕ್ಕೆ ಸಿಕ್ಕಿ, ಸೆಣಸಿ, ಸೋತು, ಮೇಲೆ ಭಾವಚಿತ್ರಕ್ಕಾಗಿ ಗಾಳಿಯಲ್ಲಿ ಹಿಡಿಯಲ್ಪಟ್ಟ ಮೀನು, ಕೈ ಬಿಟ್ಟೊಡನೆ ಈಜಿ ಹೋದೀತು. ಅದು ಸಾಯುವುದು ಆಮೇಲೆ, ನೋಡುವವರಿಲ್ಲದಾಗ. ಅಮೆರಿಕದ ಮೊಂಟಾನಾದಲ್ಲಿ ನೀರು ಸತತ ಮೂರು ದಿನ ಸುಮಾರು 23 ಡಿಗ್ರಿ ಮುಟ್ಟಿದರೆ ಮಧ್ಯಾಹ್ನ ಎರಡರಿಂದ ನಡುರಾತ್ರಿಯವರೆಗೆ ಗಾಳ ಹಾಕುವುದನ್ನು ನಿಲ್ಲಿಸುವ ಕ್ರಮವಿದೆ. ಟ್ರೌಟಿನ ಸ್ವಂತ ನಾಡಿನಲ್ಲಿಯೇ ಈ ಎಚ್ಚರ!

ಟ್ರೌಟ್ ತೊರೆಯಿಂದ ಕೆಳಗೆ ಬಂದರೆ ನನ್ನ ಕಳವಳ ಇನ್ನೂ ಹೆಚ್ಚುತ್ತದೆ. ಪಾಂಬಾರ್, ಚಿನ್ನಾರ್ ನದಿಗಳು ಕೂಡಿ ಅಮರಾವತಿಯಾಗಿ ತಿರುಪ್ಪೂರು ಜಿಲ್ಲೆಯ ಉಡುಮಲೆಯ ಕಡೆಗೆ ಇಳಿಯುತ್ತವೆ. ಅದು ಮಳೆನೆರಳಿನ ಸೀಮೆ. ನಾವು ಕಾವೇರಿಯಲ್ಲಿ ಬಿಳಿಮೀನು ಎಂದು ಕರೆಯುವ ಡುಬ್ಬದ ಮಹಶೀರ್‌ಗೆ ಶಾಸ್ತ್ರೀಯ ನಾಮವೇ ಇರಲಿಲ್ಲ. 2007ರಲ್ಲಿ ಪಾಂಬಾರಿನ ಮೀನಿಗೆ ಟಾರ್ ರೇಮಾದೇವಿ ಎಂಬ ಹೆಸರಾಯಿತು, ಕಾವೇರಿಯದೂ ಅದೇ ಎಂದು 2018ರಲ್ಲಿ ಖಚಿತವಾಯಿತು. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೂ ಸೇರಿತು. ಟ್ರೌಟಿನಂತೆ ಇದು ಬಿಸಿಗೆ ಬೆದರುವ ಮೀನಲ್ಲ. ಆದರೆ ಬೇಸಿಗೆಯಲ್ಲಿ ನದಿ ಹರಿವು ಕಡಿದು ಮಡುಗಳಾಗಿ ಉಳಿದಾಗ, ಇದ್ದಬದ್ದ ಮೀನೆಲ್ಲ ಆ ಮಡುಗಳಲ್ಲಿ ಸೇರಿ ಮುಂಗಾರಿನ ಹೊಸನೀರಿಗಾಗಿ ಕಾಯುತ್ತವೆ. ಅಲ್ಲಿ ಗಾಳ ಎಸೆಯುವುದಕ್ಕೆ ವಿದ್ಯೆ ಯಾಕೆ ಬೇಕು?

ಹವ್ಯಾಸಿಗಳ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಕಾವೇರಿಯ ಭೀಮೇಶ್ವರಿಯಂಥ ಕಡೆ ಅವರ ಶಿಬಿರಗಳಿದ್ದಾಗ ಸಿಡಿಮದ್ದು ಹಾಕಿ ಮೀನು ಕೊಲ್ಲುವವರು ಹಿಂಜರಿಯುತ್ತಿದ್ದರು. ನದಿಗೆ ಕಾವಲಿಗರು ಬೇಕು, ಒಪ್ಪುತ್ತೇನೆ. ಆದರೆ ಕಾವಲಿಗೆ ಗಾಳ ಅನಿವಾರ್ಯವಲ್ಲ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ, ಶೃಂಗೇರಿಯ ತುಂಗೆಯಲ್ಲಿ, ದೇವರ ಮೀನೆಂಬ ನಂಬಿಕೆಯೊಂದೇ ಮೀನುಗಳನ್ನು ಉಳಿಸಿದೆ. ಅಲ್ಲಿ ಕಾಪಾಡಿದ್ದು ಮೀನನ್ನು ಮಾತ್ರವಲ್ಲ, ಮಡುವನ್ನು. ಮಡು ಎಂಬ ಮಾತು ಕನ್ನಡ, ತಮಿಳುಗಳೆರಡರಲ್ಲೂ ಒಂದೇ ಎಂಬುದನ್ನು ಭಾಷಾ ವಿದ್ಯಾರ್ಥಿಗಳಾದ ನಾವು ಗಮನಿಸಬೇಕು. ಗಡಿಯ ಆಚೀಚೆಯ ಜನರಿಬ್ಬರೂ ಬತ್ತುವ ನದಿಯ ಪಕ್ಕದಲ್ಲಿ ಬಾಳಿದವರು.

ಹುಲ್ಲುಗುಡ್ಡವೂ ಅಮರಾವತಿಯ ಕಾಡೂ ಇಂದು ಆನೆಮಲೆ ಹುಲಿ ಸಂರಕ್ಷಿತ ಪ್ರದೇಶದೊಳಗಿವೆ. ಮುಂದೆಂದಾದರೂ ಇಂಥ ನೀರಿನಲ್ಲಿ ಹವ್ಯಾಸದ ಗಾಳಕ್ಕೆ ಅನುಮತಿ ಕೊಡುವ ಮಾತು ಬಂದರೆ, ಆ ಪತ್ರದ ಮೊದಲ ಷರತ್ತು ಶುಲ್ಕದ್ದಾಗದಿರಲಿ. ಫೆಬ್ರವರಿಯಿಂದ ಮುಂಗಾರಿನ ಮೊದಲ ನೆರೆ ಇಳಿಯುವವರೆಗೆ ಮಡುಗಳಿಗೆ ಬಿಡುವು ಇರಲಿ. ಟ್ರೌಟ್ ತೊರೆಯ ದಡದಲ್ಲಿ ಒಂದು ತಾಪಮಾಪಕ ನೇತಾಡಲಿ, ಅದರ ಪಾದರಸ 20ಕ್ಕೆ ಏರಿದ ದಿನ ಗಾಳದ ಕೋಲು ತಂಗುಮನೆಯ ಗೋಡೆಗೆ ಒರಗಿಕೊಂಡಿರಲಿ.