ದೂರೇ ತೀರ್ಪಲ್ಲ

ಕಲಾ ಕಾಲೇಜಿನ ಸಂಚಿಕೆಯಲ್ಲಿ ಇಂಜಿನ್ನಿನ ಮಾತೇಕೆಂದು ವಾಚಕರು ಹುಬ್ಬೇರಿಸಬಹುದು. ಆದರೆ ನಮ್ಮ ಮನೆಯ ಹಳೆಯ ಜೀಪು ನನಗೆ ಕಲಿಸಿದ್ದು ಯಂತ್ರದ ಪಾಠಕ್ಕಿಂತ ಹೆಚ್ಚಾಗಿ ತರ್ಕದ ಪಾಠ. ಆದುದರಿಂದ ಅದನ್ನು ಇಲ್ಲಿ ಹೇಳಲು ಸಂಕೋಚವಿಲ್ಲ.

ಆ ಜೀಪು 2014ರದು. ನಾಲ್ಕು ಚಕ್ರಗಳಿಗೂ ಎಳೆತವಿರುವ ಡೀಸೆಲ್ ಗಾಡಿ. ಗೊಬ್ಬರದ ಚೀಲ ಹೊತ್ತು ತೋಟದ ಕೆಸರುದಾರಿ ಏರುವುದೇ ಅದರ ನಿತ್ಯಕರ್ಮ. ಕಳೆದ ಮಳೆಗಾಲದಲ್ಲಿ ಒಂದು ದಿನ ಏರಿನ ನಡುವೆ ಇಂಜಿನ್ನಿನ ಆಕಾರದ ಹಳದಿ ದೀಪ ಹೊತ್ತಿಕೊಂಡಿತು. ಗಾಡಿ ಆಮೆಯ ನಡಿಗೆಗೆ ಇಳಿಯಿತು. ಪೇಟೆಯ ವರ್ಕ್‌ಶಾಪಿನವರು ಸ್ಟೀಯರಿಂಗಿನ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರು. ‘ಪಿ0087’ ಎಂಬ ಕೋಡ್ ಬಂದಿತು. “ಸೆನ್ಸರ್ ಹೋಗಿದೆ” ಎಂದರು. ಹೊಸದನ್ನು ಹಾಕಿ, ಕೋಡ್ ಅಳಿಸಿ ಕಳುಹಿಸಿದರು. ಮೂರನೆಯ ದಿನ ಅದೇ ಏರು, ಅದೇ ದೀಪ, ಅದೇ ಕೋಡ್. ಈ ಬಾರಿ, “ದೊಡ್ಡ ಪಂಪನ್ನೇ ಬದಲಿಸಬೇಕು” ಎಂದರು. ಅವರು ಹೇಳಿದ ಮೊತ್ತ ಕೇಳಿ ಅಪ್ಪ ಮಾತಿಲ್ಲದೆ ಕುಳಿತರು. ಮನೆಯಲ್ಲಿ ಇದ್ದುದು ತಂಗಿಯ ಓದಿಗೆಂದು ತೆಗೆದಿಟ್ಟ ಮೆಣಸಿನ ದುಡ್ಡು ಮಾತ್ರ.

ಆ ಕೋಡ್ ಹೇಳುವುದಾದರೂ ಏನು? ಮೊದಲ ಅಕ್ಷರ, ದೋಷ ಇಂಜಿನ್ ಅಥವಾ ಗೇರ್ ಭಾಗದ್ದೆಂದು ತಿಳಿಸುತ್ತದೆ. ಅದರ ಮುಂದಿನ ಸೊನ್ನೆ, ಇದು ಎಲ್ಲ ತಯಾರಕರಿಗೂ ಸಮಾನವಾದ ಕೋಡ್ ಎಂದು. ಒಟ್ಟು ಅರ್ಥ ಇಷ್ಟೆ: ‘ರೈಲಿನಲ್ಲಿ ಇಂಧನದ ಒತ್ತಡ ಕಡಿಮೆ.’ ರೈಲೆಂದರೆ ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ದಪ್ಪ ಕೊಳವೆ. ಭಾರ ಎಳೆಯುವಾಗ ಅದರೊಳಗಿನ ಒತ್ತಡ 1000 ಬಾರ್ ದಾಟುತ್ತದೆ. ಅದು ಕುಸಿಯಲು ಸೆನ್ಸರ್ ಕಾರಣವಿರಬಹುದು, ಪಂಪ್ ಕಾರಣವಿರಬಹುದು. ಕಟ್ಟಿಕೊಂಡ ಫಿಲ್ಟರ್, ಸೋರುವ ಇಂಜೆಕ್ಟರ್, ತುಂಡಾದ ತಂತಿಯೂ ಇರಬಹುದು. ಕೋಡ್ ದೂರು ಕೊಡುತ್ತದೆ, ಅಪರಾಧಿಯನ್ನು ಹೆಸರಿಸುವುದಿಲ್ಲ.

ಕೊನೆಗೆ ನಮ್ಮೂರಿನ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆತಂದೆವು. ಅವರು ಮೊದಲು ಮಾಡಿದ್ದು, ದೋಷ ಕಂಡ ಕ್ಷಣದಲ್ಲಿ ಕಂಪ್ಯೂಟರ್ ದಾಖಲಿಸಿಟ್ಟ ವಿವರ ಓದಿದ್ದು. ಇಂಜಿನ್ ಬಿಸಿಯಾಗಿತ್ತು, ಭಾರ ಹೆಚ್ಚಿತ್ತು. ಇಂಜಿನ್ ನಿಂತಾಗ ಸೆನ್ಸರ್ ಸೊನ್ನೆಯ ಹತ್ತಿರವೇ ತೋರಿಸುತ್ತಿತ್ತು. ಚಾಲೂ ಮಾಡಿದೊಡನೆ ಸರಿಯಾಗಿ ಏರುತ್ತಿತ್ತು. “ಇದು ಸುಳ್ಳು ಹೇಳ್ತಿಲ್ಲ ಕಣಪ್ಪ” ಎಂದರು. ಫಿಲ್ಟರ್ ಬಿಚ್ಚಿ ನೋಡಿದರು; ಶುಭ್ರವಾಗಿತ್ತು. ಆಮೇಲೆ ಟ್ಯಾಂಕಿನಿಂದ ಬರುವ ಪೈಪನ್ನು ಫಿಲ್ಟರಿನ ಬಳಿ ಬಿಡಿಸಿ, ನಡುವೆ ಗೇಣುದ್ದದ ಪಾರದರ್ಶಕ ಕೊಳವೆ ಸೇರಿಸಿ ಇಂಜಿನ್ನನ್ನು ಜೋರಾಗಿ ಓಡಿಸಿದರು. ಡೀಸೆಲ್ಲಿನೊಡನೆ ಸಾಲುಸಾಲಾಗಿ ಗಾಳಿಗುಳ್ಳೆಗಳು ಬಂದವು! ಟ್ಯಾಂಕಿನ ಬಳಿಯ ರಬ್ಬರ್ ಪೈಪ್ ವರ್ಷಗಳ ಕೆಸರು, ಕುಲುಕಾಟಗಳಿಂದ ಬಿರುಕು ಬಿಟ್ಟಿತ್ತು. ಅದು ಎಳೆದುಕೊಳ್ಳುವ ಪೈಪಾದುದರಿಂದ ಹೊರಗೆ ಒಂದು ಹನಿಯೂ ಸೋರಿರಲಿಲ್ಲ. ಒಳಗೆ ಮಾತ್ರ ಗಾಳಿ ಸೇರುತ್ತಿತ್ತು. ಮೊಳದುದ್ದದ ಹೊಸ ಪೈಪಿನಿಂದ ರೋಗ ವಾಸಿಯಾಯಿತು.

ವರ್ಕ್‌ಶಾಪಿನವರನ್ನು ಕೇವಲ ಹಳಿದು ಪ್ರಯೋಜನವಿಲ್ಲ. ಹೊಸ ಸಾಮಾನಿಗೆ ನಾವು ಚಕಾರವೆತ್ತದೆ ಹಣ ಕೊಡುತ್ತೇವೆ, ಎರಡು ಗಂಟೆ ಪರೀಕ್ಷಿಸಿದ್ದಕ್ಕೆ ಕೂಲಿ ಕೇಳಿದರೆ, “ಏನನ್ನೂ ಹಾಕಲಿಲ್ಲವಲ್ಲ!” ಎನ್ನುತ್ತೇವೆ. ಹುಡುಕುವ ಬುದ್ಧಿಗೆ ಬೆಲೆ ಕೊಡದ ಕಡೆ ಊಹೆಯ ವ್ಯಾಪಾರವೇ ಬೆಳೆಯುತ್ತದೆ. ಆದ್ದರಿಂದ ಪರೀಕ್ಷೆಗೂ ಸಂತೋಷದಿಂದ ಹಣ ಕೊಡೋಣ. ಜೊತೆಗೆ ಮೂರು ಪ್ರಶ್ನೆ ಕೇಳೋಣ. ದೋಷ ಕಂಡಾಗ ಗಾಡಿ ಯಾವ ಸ್ಥಿತಿಯಲ್ಲಿತ್ತು? ನೀವು ಏನನ್ನು ಅಳೆದು ನೋಡಿದಿರಿ? ಅಗ್ಗದ ಕಾರಣಗಳು ಯಾವುದೂ ಅಲ್ಲವೆಂದು ಹೇಗೆ ತಿಳಿಯಿತು? ಉತ್ತರ ಬರುವವರೆಗೆ ಕೋಡನ್ನು ಅಳಿಸಲು ಬಿಡಬಾರದು; ಅಳಿಸಿದರೆ ಆ ದಾಖಲೆಯೂ ಅಳಿಯುತ್ತದೆ.

ಒಂದು ಶಾಸನ ಸಿಕ್ಕಿದೊಡನೆ ಚರಿತ್ರೆ ಬರೆದು ಮುಗಿಸಬಾರದೆಂದು ನಮ್ಮ ಅಧ್ಯಾಪಕರು ತರಗತಿಯಲ್ಲಿ ಹೇಳುತ್ತಾರೆ. ಆ ಮಾತಿನ ಅರ್ಥ ನನಗೆ ಪೂರ್ಣವಾಗಿ ಆದುದು ಜೀಪಿನ ಅಡಿಯಲ್ಲಿ, ಅಂಗಾತ ಮಲಗಿ, ಟಾರ್ಚು ಹಿಡಿದಿದ್ದಾಗ.