ದ್ವೀಪವಾಸದ ಸಮರ್ಥಕರಿಗೆ

2021ನೆಯ ಇಸವಿಯ ಏಪ್ರಿಲ್ 27ರ ರಾತ್ರಿ ಒಂಬತ್ತು ಗಂಟೆಗೆ, ಕೊರೋನಾದ ಎರಡನೆಯ ಅಲೆಯನ್ನು ತಡೆಯುವ ಸಲುವಾಗಿ ಕರ್ನಾಟಕದಲ್ಲಿ ಮತ್ತೊಮ್ಮೆ ಲಾಕ್‌ಡೌನ್ ಜಾರಿಗೆ ಬಂದಿತು. ಅದೇ ದಿನದಿಂದ ಮಾಲ್ದೀವ್ಸ್ ಸರಕಾರವು, ಭಾರತದಿಂದ ಬಂದ ಪ್ರವಾಸಿಗಳು ತನ್ನ ಪ್ರಜೆಗಳು ವಾಸಿಸುವ ದ್ವೀಪಗಳಲ್ಲಿ ತಂಗಕೂಡದೆಂದೂ, ಒಂದೊಂದು ದ್ವೀಪವನ್ನೇ ಆವರಿಸಿ ನಿಂತಿರುವ ರಿಸಾರ್ಟುಗಳಲ್ಲಿ ಮಾತ್ರ ಇರತಕ್ಕದ್ದೆಂದೂ ವಿಧಿಸಿತು. ದಿನಸಿ ಕೊಳ್ಳುವುದಕ್ಕೆ ಮಂಗಳೂರಿಗರಿಗೆ ಬೆಳಗಿನ ಆರರಿಂದ ಹತ್ತರವರೆಗಷ್ಟೇ ಅವಕಾಶವಿದ್ದ ಆ ಕಾಲದಲ್ಲಿ, ಊಟ, ಪಾನ, ಜಲಕ್ರೀಡೆ, ದೋಣಿವಿಹಾರಗಳೆಲ್ಲವೂ ಒಂದೇ ಶುಲ್ಕದಲ್ಲಿ ದೊರೆಯುವ ಆ ದ್ವೀಪಗಳಿಂದ ಚಿತ್ರತಾರೆಯರ ಭಾವಚಿತ್ರಗಳು ನಮ್ಮ ಮೊಬೈಲುಗಳಿಗೆ ಬಂದು ಬೀಳುತ್ತಿದ್ದವು. ಹಿಂದೀ ನಟ ನವಾಜುದ್ದೀನ್ ಸಿದ್ದಿಕಿಯವರು ತಮ್ಮ ವೃತ್ತಿಬಾಂಧವರನ್ನೇ ಬಹಿರಂಗವಾಗಿ ಆಕ್ಷೇಪಿಸಿದರು. ನಾಚಿಕೆ, ಸಭ್ಯತೆ, ಅಭಿರುಚಿ ಎಂಬ ಮಾತುಗಳು ಕೆಲವು ದಿನ ಪತ್ರಿಕೆಗಳಲ್ಲಿ ಹರಿದಾಡಿದವು.

ಆ ಭಾವಚಿತ್ರಗಳ ಮೇಲೆ ನನಗೆ ವಿಶೇಷ ಕೋಪವಿಲ್ಲ. ಸಿರಿವಂತನು ತನ್ನ ಸುಖವನ್ನು ಬಚ್ಚಿಟ್ಟು ಅನುಭವಿಸಿದರೆ ಸಭ್ಯನೆಂದೂ, ತೋರಿಸಿ ಅನುಭವಿಸಿದರೆ ಅಸಭ್ಯನೆಂದೂ ತೀರ್ಮಾನಿಸುವ ನ್ಯಾಯವು ನಮ್ಮ ಕಣ್ಣಿಗೆ ನೋವಾಗದಂತೆ ನೋಡಿಕೊಳ್ಳುತ್ತದೆಯೇ ಹೊರತು ಬೇರೆ ಯಾರನ್ನೂ ಕಾಯುವುದಿಲ್ಲ. ವಿಚಾರಣೆಗೆ ಯೋಗ್ಯವಾದದ್ದು ಆ ವಿಹಾರಿಗಳ ಪರವಾಗಿ ಇಂದಿಗೂ ಮುಂದಿಡುವ ವಾದ: ಅವರು ಪರೀಕ್ಷೆ ಮಾಡಿಸಿಕೊಂಡು ಹೋದರು, ಜನಸಂಪರ್ಕವಿಲ್ಲದ ದ್ವೀಪದಲ್ಲಿ ಏಕಾಂತವಾಗಿದ್ದರು, ಯಾರಿಗೂ ಕೇಡು ಮಾಡಲಿಲ್ಲ, ಬದಲಾಗಿ ಬಡವರ ಕೈಗೆ ಸಂಬಳ ತಲುಪಿಸಿದರು, ಎಂಬುದು.

ಮೊದಲು ಆ ಏಕಾಂತವನ್ನು ನೋಡೋಣ. ಸಮುದ್ರದ ಮಧ್ಯದಲ್ಲಿ, ಸಿಹಿನೀರನ್ನು ಸಹ ಯಂತ್ರದಿಂದ ತೆಗೆಯಬೇಕಾದ ಮರಳುದಿಬ್ಬದ ಮೇಲೆ, ಒಂದು ದಂಪತಿಗೆ ಮನುಷ್ಯರ ಸುಳಿವೇ ಇಲ್ಲವೆಂಬ ಭಾವನೆ ಬರುವಂತೆ ಮಾಡಬೇಕಾದರೆ, ಅಡುಗೆಯವರು, ದೋಣಿಯವರು, ಹಾಸಿಗೆ ಹಾಸುವವರು, ಬಟ್ಟೆ ಒಗೆಯುವವರು, ಶೌಚಗೃಹ ತೊಳೆಯುವವರು ಎಂದು ಎಷ್ಟೋ ಮಂದಿ ಕಾಣದ ಕಡೆಯಲ್ಲಿ ಒಟ್ಟೊಟ್ಟಿಗೆ ಮಲಗಿ, ಒಟ್ಟೊಟ್ಟಿಗೆ ಉಂಡು ದುಡಿಯಬೇಕಾಗುವುದು. ಇವರಲ್ಲಿ ಬಹುಮಂದಿ ಬಾಂಗ್ಲಾದೇಶ, ಶ್ರೀಲಂಕಾ ಮತ್ತು ನಮ್ಮದೇ ದೇಶದಿಂದ ಹೊಟ್ಟೆಪಾಡಿಗೆ ಹೋದವರು. ಅತಿಥಿಯನ್ನು ಜನವಸತಿಯ ದ್ವೀಪದಿಂದ ದೂರವಿಟ್ಟ ಏಪ್ರಿಲ್ 27ರ ಆಜ್ಞೆಯು ಅವನಿಂದ ಅಪಾಯವುಂಟೆಂಬುದನ್ನು ಒಪ್ಪಿಕೊಂಡೇ ಹೊರಟಿತ್ತು. ಆ ಅಪಾಯವನ್ನು ಅದು ಪ್ರಜೆಗಳಿಂದ ಬಿಡಿಸಿ ನೌಕರರ ಪಾಲಿಗೆ ಒಪ್ಪಿಸಿತು, ಅಷ್ಟೆ. ಪ್ರವಾಸೋದ್ಯಮದವರಿಗೆ ಅಲ್ಲಿ ಆದ್ಯತೆಯ ಮೇಲೆ ಲಸಿಕೆ ಹಾಕಿದ್ದರೆಂಬುದು ನಿಜ. ಆದರೂ ಮೇ ತಿಂಗಳ ನಡುವಿನ ಹೊತ್ತಿಗೆ, ಜನಸಂಖ್ಯೆಯ ಪ್ರಮಾಣದಲ್ಲಿ ಸೋಂಕು ಜಗತ್ತಿನಲ್ಲೇ ಅತಿ ಹೆಚ್ಚಾಗಿದ್ದ ದೇಶಗಳ ಸಾಲಿಗೆ ಮಾಲ್ದೀವ್ಸ್ ಸೇರಿತ್ತು. 13ನೆಯ ತಾರೀಖಿನಿಂದ ದಕ್ಷಿಣ ಏಷ್ಯದ ಪ್ರವಾಸಿಗಳಿಗೆ ಬಾಗಿಲನ್ನೇ ಮುಚ್ಚಿತು. ರಾಷ್ಟ್ರೀಯ ಉತ್ಪನ್ನದ ಕಾಲುಭಾಗಕ್ಕೂ ಮಿಕ್ಕು ಪ್ರವಾಸಿಗಳಿಂದಲೇ ಪಡೆಯುವ ಆ ಸಣ್ಣ ದೇಶವನ್ನು ನಾನು ದೂರುವುದಿಲ್ಲ. ಹಸಿದವನು ಅಂಗಡಿ ತೆರೆದನೆಂಬುದು ಕೊಳ್ಳಲು ಹೋದ ಧನಿಕನಿಗೆ ಸಮರ್ಥನೆಯಾಗಲಾರದು.

ಪರೀಕ್ಷೆಯ ಚೀಟಿಯ ಮಾತೂ ಇಷ್ಟೆ. ಆ ವಿಹಾರಗಳಿಗೆ ಒಂದು ವರ್ಷ ಹಿಂದೆ, 2020ರ ಮಾರ್ಚಿನ ಕೊನೆಯಲ್ಲಿ, ತಲಪಾಡಿಯಲ್ಲಿ ನಮ್ಮ ಆಡಳಿತವು ಕೇರಳದ ಗಡಿಯನ್ನು ಮುಚ್ಚಿ ಆಂಬುಲೆನ್ಸುಗಳನ್ನು ಹಿಂದಕ್ಕೆ ಕಳುಹಿದಾಗ, ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ ಕಾಸರಗೋಡಿನವರಲ್ಲಿ ಹಲವರು ಚಿಕಿತ್ಸೆ ದೊರೆಯದೆ ಮೃತರಾದರು. ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವು ದಾರಿ ತೆರವು ಮಾಡಿಸಬೇಕೆಂದು ಕೇಂದ್ರಕ್ಕೆ ಆದೇಶವಿತ್ತ ಮೇಲೂ ತೊಡಕು ಕೂಡಲೇ ಬಿಡಲಿಲ್ಲ. ಡಯಾಲಿಸಿಸ್ಸಿಗೆ ಹೊರಟವನಿಗೆ ತೆರೆಯದ ಗಡಿಯು ವಿಹಾರಕ್ಕೆ ಹೊರಟವನಿಗೆ ಒಂದು ಆರ್‌ಟಿ-ಪಿಸಿಆರ್ ಚೀಟಿಯ ಬಲದಿಂದ ತೆರೆಯಿತೆಂದರೆ, ನಾವು ಅಳೆದದ್ದು ಸೋಂಕನ್ನೆಂದು ಹೇಳಲಾದೀತೆ?

ವಿಹಾರಿಗಳನ್ನು ರಮಿಸಿದ ಅದೇ ಕಡಲು ಮಂಗಳೂರಿಗೆ 2021ರ ಆ ಮೇ ತಿಂಗಳಲ್ಲಿ ಬೇರೆಯ ಸರಕನ್ನು ತಂದಿತು. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಒಂದೇ ದಿನದ ಅವಧಿಯಲ್ಲಿ ಸತ್ತು, ಆಮ್ಲಜನಕದ ಅಭಾವವು ನಾಡನ್ನೆಲ್ಲ ನಡುಗಿಸಿ ಎರಡು ಮೂರು ದಿನ ಕಳೆಯುವಷ್ಟರಲ್ಲಿ, ಮೇ 5ರಂದು, ನೌಕಾದಳದ ಐಎನ್‌ಎಸ್ ತಲ್ವಾರ್ ಬಹರೈನಿನಿಂದ 40 ಟನ್ ದ್ರವರೂಪದ ಆಮ್ಲಜನಕವನ್ನು ಹೊತ್ತು ಪಣಂಬೂರಿನ ನವಮಂಗಳೂರು ಬಂದರಿಗೆ ಬಂದು ಸೇರಿತು. ಪಣಂಬೂರೆಂದರೆ ಗಾಳಿಪಟವೂ ಒಂಟೆಯ ಸವಾರಿಯೂ ಎಂದಷ್ಟೇ ಬಲ್ಲ ನಮ್ಮ ಮಕ್ಕಳಿಗೆ ಈ ಸಂಗತಿಯನ್ನು ಪಾಠವಾಗಿ ಹೇಳಬೇಕು. ಹತ್ತು ದಿನಗಳ ಬಳಿಕ ತೌಕ್ತೆ ಚಂಡಮಾರುತವು ಉಳ್ಳಾಲ, ಸೋಮೇಶ್ವರಗಳ ದಂಡೆಯ ಮನೆಗಳನ್ನು ಬಡಿಯಿತು. ಸೋಂಕಿನ ಭಯದಿಂದ ಮನೆಯಲ್ಲೇ ಇರಬೇಕೆಂದು ಆಜ್ಞಾಪಿಸಲ್ಪಟ್ಟವರು ಕಡಲಿನ ಭಯದಿಂದ ಮನೆಬಿಟ್ಟು ಓಡಬೇಕಾಯಿತು. ಕಡಲತೀರದಲ್ಲಿ ವಾಸಿಸುವುದೆಂದರೆ ಇವರಿಗೆ ಇದು.

ಇನ್ನು ಸಂಬಳದ ವಾದ. ರಿಸಾರ್ಟು ಮುಚ್ಚಿದರೆ ನೌಕರನ ಒಲೆ ಆರುವುದೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಆ ಒಲೆ ಉರಿಯಲು ವಿಹಾರಿಯೇ ಬೇಕೆಂಬುದನ್ನು ಒಪ್ಪಲಾರೆ. 2020ರ ಮೇ ತಿಂಗಳಲ್ಲಿ ಮುಂಬಯಿಯ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದವರು ಸಹಸ್ರಾರು ಸಂಖ್ಯೆಯಲ್ಲಿ ಉಡುಪಿಯ ಕಡೆಗೆ ಹಿಂದಿರುಗಿದಾಗ, ಜನ್ಮವಿಡೀ ಇತರರಿಗೆ ಊಟವಿಕ್ಕಿದ ಅವರನ್ನು ಶಾಲೆಗಳ ಮತ್ತು ಹಾಸ್ಟೆಲುಗಳ ನೆಲದ ಮೇಲೆ ಕ್ವಾರಂಟೈನಿಗೆ ಇಟ್ಟರು. ಅದೇ ತಿಂಗಳ 12ರಂದು ದುಬಾಯಿಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಬಂದಾಗ, ಹಣ ತೆರಬಲ್ಲವರಿಗೆ ಹೋಟೆಲೂ ಇಲ್ಲದವರಿಗೆ ಹಾಸ್ಟೆಲೂ ನಿಗದಿಯಾದವು. ಜೂನ್ 8ರಿಂದ ಹೋಟೆಲುಗಳು ಅತಿಥಿಗಳಿಗೆ ತೆರೆಯಲು ಅನುಮತಿ ದೊರೆಯಿತು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಕೋಣೆಗಳು ಖಾಲಿ ಇದ್ದವು, ಅವುಗಳಲ್ಲಿ ಮಲಗಬೇಕಾದವರು ಊರ ಹೊರಗಿನ ಶಾಲೆಗಳಲ್ಲಿ ಮಲಗಿದ್ದರು, ಹಾಸಿಗೆ ಹಾಸಬಲ್ಲವರು ಸಂಬಳವಿಲ್ಲದೆ ಮನೆಯಲ್ಲಿದ್ದರು. ಈ ಮೂರನ್ನೂ ಒಂದೆಡೆ ಸೇರಿಸುವ ಬುದ್ಧಿ ಯಾರಿಗೂ ತೋಚದಿದ್ದುದೇ ಆಶ್ಚರ್ಯ.

ಮನಸ್ಸಿನ ಆಯಾಸದ ವಾದವನ್ನೂ ಕೆಲವರು ತರುವುದುಂಟು. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ದಾದಿಯರಿಗಿಂತ ಹೆಚ್ಚಾಗಿ ಆಯಾಸಗೊಂಡವರು ಆ ವಾದವನ್ನು ಮುಂದುವರಿಸಲಿ.

ಆದಕಾರಣ ನಾನು ಕೇಳುವುದು ವಿಲಾಸಿಗಳ ಪಶ್ಚಾತ್ತಾಪವನ್ನಲ್ಲ. 2005ರ ವಿಪತ್ತು ನಿರ್ವಹಣಾ ಕಾಯಿದೆಯ 65ನೆಯ ಕಲಮಿನ ಅನ್ವಯ ಯಾವುದೇ ಕಟ್ಟಡವನ್ನು ಆಪತ್ಕಾಲದಲ್ಲಿ ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ಜಿಲ್ಲೆಯ ಪ್ರಾಧಿಕಾರಕ್ಕೆ ಉಂಟು. 66ನೆಯ ಕಲಮಿನಂತೆ ಒಡೆಯನಿಗೆ ಪರಿಹಾರವೂ ಉಂಟು. ಸೋಮೇಶ್ವರದಿಂದ ಸಸಿಹಿತ್ಲುವರೆಗಿನ ದಂಡೆಯಲ್ಲಿ ಈಗಿರುವ ಮತ್ತು ಮುಂದೆ ಏಳಲಿರುವ ಪ್ರತಿಯೊಂದು ರಿಸಾರ್ಟಿಗೂ, ಸಾಂಕ್ರಾಮಿಕವು ಘೋಷಿತವಾದ ದಿನವೇ ತನ್ನ ಕೋಣೆಗಳನ್ನು ದಾದಿಯರಿಗೂ ಹಿಂದಿರುಗಿದ ಕೂಲಿಗಾರರಿಗೂ ಬಿಟ್ಟುಕೊಡತಕ್ಕದ್ದೆಂಬ ಷರತ್ತನ್ನು ಪರವಾನಗಿಯಲ್ಲೇ ಬರೆಯಬೇಕು, ನೌಕರರ ಸಂಬಳವನ್ನು ಪರಿಹಾರದ ಮೊತ್ತದಲ್ಲಿ ಮೊದಲಾಗಿ ಸಲ್ಲಿಸಬೇಕು. ಇದು ಖಾಸಗಿ ಸೊತ್ತಿನ ಮೇಲೆ ಅತಿಕ್ರಮಣವೆಂದು ಉದ್ಯಮಿಗಳು ಹೇಳುವರು. 2019ರ ಕರಾವಳಿ ನಿಯಂತ್ರಣ ಅಧಿಸೂಚನೆಯು ಜನನಿಬಿಡವಾದ ಗ್ರಾಮೀಣ ಕರಾವಳಿಯಲ್ಲಿ ಕಟ್ಟಡನಿಷಿದ್ಧ ವಲಯವನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿದಾಗ, ಸಾರ್ವಜನಿಕರ ಕಡಲಿಗೆ 150 ಮೀಟರಿನಷ್ಟು ಹತ್ತಿರ ಬರುವ ಅವಕಾಶವನ್ನು ಯಾವ ಉದ್ಯಮಿಯೂ ಅತಿಕ್ರಮಣವೆಂದು ನಿರಾಕರಿಸಿದುದನ್ನು ನಾನು ಕೇಳಿಲ್ಲ.