ಬೆಳ್ಳುಳ್ಳಿ ಕಷಾಯವೂ ಟೊಮೆಟೊ ಅಂಗಮಾರಿಯೂ

ಕಳೆದ ಮಳೆಗಾಲದ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಟೊಮೆಟೊ ಹೊಲದ ಬದುವಿನ ಮೇಲೆ ನಿಂತಿದ್ದೆವು. ವಾರವಿಡೀ ಜಡಿಮಳೆ ಹಿಡಿದಿತ್ತು. ಎಲೆಗಳು ಬೆಂಕಿಗೆ ಹಿಡಿದಂತೆ ಕಪ್ಪಾಗಿದ್ದವು. ಕಾಯಿಗಳ ಮೇಲೆ ಕಂದು ಮಚ್ಚೆಗಳು ಹರಡಿದ್ದವು. ಹೊಲದ ಒಡೆಯರು ಕೋಪಿಸಿಕೊಳ್ಳಲಿಲ್ಲ. "ನೀವು ಹೇಳಿದ ಕಷಾಯವನ್ನೇ ಮೂರು ಸಲ ಹೊಡೆದೆ" ಎಂದಷ್ಟೇ ಹೇಳಿ ಸುಮ್ಮನಾದರು. ಆ ಮಾತಿಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ರಾಸಾಯನಿಕ ವಿಷಗಳ ವಿರುದ್ಧ ಹಳ್ಳಿಹಳ್ಳಿ ತಿರುಗಿ ಮಾತನಾಡಿದವರು ನಾವು. ಅದರ ಬಗ್ಗೆ ಪಶ್ಚಾತ್ತಾಪವಿಲ್ಲ. ಆದರೆ ವಿಷದ ಡಬ್ಬಿಯ ಬದಲು ಕೈಗೆ ಕೊಟ್ಟ ಮದ್ದು ಕೆಲಸ ಮಾಡುತ್ತದೆಯೇ, ಯಾವ ರೋಗಕ್ಕೆ, ಯಾವ ಹಂತದಲ್ಲಿ ಎಂಬುದನ್ನು ಅಷ್ಟೇ ಶ್ರದ್ಧೆಯಿಂದ ವಿಚಾರಿಸಿದ್ದೇವೆಯೇ? ಇಲ್ಲವೆಂದೇ ಒಪ್ಪಿಕೊಳ್ಳಬೇಕಾಗಿದೆ.

ಮೊದಲಿಗೆ ರೋಗದ ಗುರುತು. ಟೊಮೆಟೊಗೆ ಬರುವ ಅಂಗಮಾರಿಗಳು ಎರಡು. ಮೊದಲ ಅಂಗಮಾರಿ ಬುಡದ ಹಳೆಯ ಎಲೆಗಳಲ್ಲಿ ಬಳೆಯೊಳಗೆ ಬಳೆಯಿಟ್ಟಂತಹ ಮಚ್ಚೆಗಳಾಗಿ ತೊಡಗಿ ನಿಧಾನವಾಗಿ ಮೇಲೇರುತ್ತದೆ. ಇದು ಆಲ್ಟರ್ನೇರಿಯ ಎಂಬ ಶಿಲೀಂಧ್ರದ ಕೆಲಸ. ಕೊನೆಯ ಅಂಗಮಾರಿ ಹಾಗಲ್ಲ. ತಂಪು ಮತ್ತು ತೇವ ಕೂಡಿಬಂದರೆ ಕೆಲವೇ ದಿನಗಳಲ್ಲಿ ಇಡೀ ಹೊಲವನ್ನು ಮಲಗಿಸುತ್ತದೆ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯನ್ನು ನಾಶಮಾಡಿ ಲಕ್ಷಾಂತರ ಜನರನ್ನು ಹಸಿವಿಗೆ ದೂಡಿದ ಫೈಟಾಫ್ತೊರವೇ ಇದು. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಕುಲದ ಪರಿಚಯ ಚೆನ್ನಾಗಿದೆ. ಕೊಳೆರೋಗವನ್ನು ತರುವುದೂ ಇದರ ದಾಯಾದಿಯೇ. ವಾಡಿಕೆಯಲ್ಲಿ ಶಿಲೀಂಧ್ರವೆಂದರೂ ಇದು ಆ ವಂಶಕ್ಕೆ ಸೇರಿದ್ದಲ್ಲ, ಪಾಚಿಗಳಿಗೆ ಹತ್ತಿರದ ಜೀವಿ. ಇದರ ಬೀಜಾಣುಗಳು ಎಲೆಯ ಮೇಲೆ ನಿಂತ ನೀರಿನ ಪೊರೆಯಲ್ಲಿ ಈಜಬಲ್ಲವು. ನೀರಿಲ್ಲದಿದ್ದರೆ ಅವು ನಿರುಪಾಯ.

ಇದನ್ನು ನಮ್ಮ ಹಿರಿಯರು ಯಾವ ಪ್ರಯೋಗಾಲಯವೂ ಇಲ್ಲದೆ ಅರಿತಿದ್ದರು. ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವ ಪದ್ಧತಿ ಎಂದರೆ ಮತ್ತೇನು? ಮದ್ದಲ್ಲ, ಕೊಡೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಸಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಲೆನಾಡಿನ ತೋಟಗಳಿಗೆ ತಂದರು. ಅದು ಇಂದಿಗೂ ನಿಂತಿದೆ. ಆ ದ್ರಾವಣವನ್ನೂ ಮಳೆ ಹಿಡಿಯುವ ಮುನ್ನವೇ ಹೊಡೆಯಬೇಕೆಂಬುದನ್ನು ಬೆಟ್ಟಸೀಮೆಯ ಓದುಗರಿಗೆ ಹೇಳಬೇಕಾಗಿಲ್ಲ. ಕೊಳೆ ಕಾಣಿಸಿದ ಮೇಲೆ ಕೊನೆಗಾರನನ್ನು ಹುಡುಕಿಕೊಂಡು ಹೋದವರ ಪಾಡು ಎಲ್ಲರಿಗೂ ಗೊತ್ತು.

ಈಗ ನಮ್ಮ ತಪ್ಪಿನ ವಿಚಾರ. ಬೆಳ್ಳುಳ್ಳಿಯನ್ನು ಜಜ್ಜಿ, ನೀರಿನಲ್ಲಿ ಚೆನ್ನಾಗಿ ಕುದಿಸಿ, ಸೋಸಿ ಸಿಂಪಡಿಸಿರಿ ಎಂದು ನಾವು ಕರಪತ್ರದಲ್ಲಿ ಅಚ್ಚುಹಾಕಿಸಿ ಹಂಚಿದ್ದೆವು. ಬೆಳ್ಳುಳ್ಳಿಯಲ್ಲಿ ಶಿಲೀಂಧ್ರವನ್ನು ತಡೆಯುವ ಮುಖ್ಯ ವಸ್ತು ಆಲಿಸಿನ್. ಇಡೀ ಎಸಳಿನಲ್ಲಿ ಅದು ಇರುವುದೇ ಇಲ್ಲ. ಎಸಳನ್ನು ಜಜ್ಜಿದಾಗ ಒಳಗಿನ ಕಿಣ್ವವೊಂದು ಬೇರೊಂದು ವಸ್ತುವಿನೊಡನೆ ಬೆರೆತು ಆಗ ಹುಟ್ಟುತ್ತದೆ. ಕಾವು ತಗಲಿದರೆ ಕಿಣ್ವವೂ ಕೆಡುತ್ತದೆ, ಆಲಿಸಿನ್ ಕೂಡ ನಾಶವಾಗುತ್ತದೆ. ಅಂದರೆ ಕುದಿಸಿರಿ ಎಂದು ಹೇಳಿ ಮದ್ದನ್ನು ಒಲೆಯ ಮೇಲೆಯೇ ಕೊಂದು, ವಾಸನೆಯ ನೀರನ್ನು ಹೊಲಕ್ಕೆ ಕಳುಹಿಸಿದ್ದೆವು. ಬೇವಿನ ಕಥೆಯೂ ಸ್ವಲ್ಪ ಹೀಗೆಯೇ. ಬೇವಿನ ಬೀಜದ ಕಷಾಯ ಮೂಲತಃ ಕೀಟಗಳಿಗೆ ಮದ್ದು. ಬೇವಿನೆಣ್ಣೆ ಬೂದಿರೋಗಕ್ಕೆ ತಕ್ಕಮಟ್ಟಿಗೆ ಉಪಯುಕ್ತ. ಅದರ ಸತ್ತ್ವ ಬಿಸಿಲಿಗೆ ಬೇಗ ಕೆಡುವುದರಿಂದ ಸಂಜೆ ಸಿಂಪಡಿಸಬೇಕು. ಜಡಿಮಳೆಯಲ್ಲಿ ಬಂದ ಕೊನೆಯ ಅಂಗಮಾರಿಯನ್ನು ಅದು ನಿಲ್ಲಿಸುತ್ತದೆಂದು ಹೇಳುವುದು ಅತಿಶಯೋಕ್ತಿ.

ಸಸ್ಯಶಾಸ್ತ್ರ ಓದುವ ನಮ್ಮ ವಿದ್ಯಾರ್ಥಿ ಮಿತ್ರರು ಇಲ್ಲಿ ಎಚ್ಚರ ವಹಿಸಬೇಕು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ತುಳಸಿ, ಲವಂಗ, ಬೇವು, ಹೊಂಗೆಗಳ ರಸ ಬೆರೆಸಿ ಶಿಲೀಂಧ್ರವನ್ನು ಬೆಳೆಸಿದರೆ ಅದು ಕುಗ್ಗುವುದನ್ನು ಕಾಣಬಹುದು, ಅದು ಸುಳ್ಳಲ್ಲ. ಆದರೆ ತಟ್ಟೆಯಲ್ಲಿ ಮಳೆ ಬರುವುದಿಲ್ಲ, ಬಿಸಿಲು ಬೀಳುವುದಿಲ್ಲ, ಎಲೆಯ ಅಡಿಭಾಗವೆಂಬುದು ಇರುವುದಿಲ್ಲ. ತಟ್ಟೆಯಿಂದ ಹೊಲಕ್ಕೆ ಇರುವ ಈ ದಾರಿಯನ್ನು ನಡೆಯದೆಯೇ ವರದಿ ಬರೆದು ಮುಗಿಸಿದರೆ ರೈತನಿಗೆ ಅದರಿಂದೇನು?

ಇನ್ನು 'ನೈಸರ್ಗಿಕ' ಎಂಬ ಮಾತು. ತಂಬಾಕಿನ ಕಷಾಯವೂ ನೈಸರ್ಗಿಕವೇ, ಹೊಡೆಯುವವನ ಮೈಗೆ ಅದು ವಿಷ. ಯುರೋಪಿನ ಪೈನ್ ಕಾಯಿಗಳ ಮೇಲೆ ಬೆಳೆಯುವ ಪುಟ್ಟ ಅಣಬೆಯೊಂದು ತನ್ನ ನೆರೆಯ ಶಿಲೀಂಧ್ರಗಳನ್ನು ದೂರವಿಡಲು ಒಂದು ವಸ್ತುವನ್ನು ಸ್ರವಿಸುತ್ತದೆ. ಅದನ್ನು ಮಾದರಿಯಾಗಿಟ್ಟುಕೊಂಡು ಕಂಪನಿಗಳು ತಯಾರಿಸಿದ ಔಷಧಗಳು 1996ರಲ್ಲಿ ಮಾರುಕಟ್ಟೆಗೆ ಬಂದವು. ಇಂದು ನಮ್ಮ ಅಂಗಡಿಗಳಲ್ಲಿರುವ ಅಜಾಕ್ಸಿಸ್ಟ್ರೋಬಿನ್ ಆ ಸಂತತಿಯದು. ಕೆಲವೇ ವರ್ಷಗಳಲ್ಲಿ ಅಲ್ಲಿನ ಗೋಧಿಯ ಬೂದಿರೋಗ ಅದಕ್ಕೆ ಬಗ್ಗದಾಯಿತು. ಒಂದೇ ಬಾಣವನ್ನು ಮತ್ತೆ ಮತ್ತೆ ಬಿಟ್ಟರೆ ರೋಗಾಣು ಮೈ ತಪ್ಪಿಸಿಕೊಳ್ಳಲು ಕಲಿಯುತ್ತದೆ, ಬಾಣ ಅಣಬೆಯಿಂದ ಬಂದದ್ದಾದರೂ ಸರಿಯೇ. ಬೋರ್ಡೋ ದ್ರಾವಣದ ತಾಮ್ರವೂ ಮಣ್ಣಿನಲ್ಲಿ ಕರಗಿ ಹೋಗದೆ ಸೇರುತ್ತಲೇ ಇರುತ್ತದೆ. ಆದ್ದರಿಂದಲೇ ಯುರೋಪಿನ ಒಕ್ಕೂಟ 2019ರಿಂದ ಹೆಕ್ಟೇರಿಗೆ ಏಳು ವರ್ಷಗಳಲ್ಲಿ 28 ಕಿಲೋ ತಾಮ್ರವೆಂಬ ಮಿತಿ ಹಾಕಿದೆ.

ಇಷ್ಟು ಹೇಳಿದ ಮಾತ್ರಕ್ಕೆ ವಿಷದ ಅಂಗಡಿಯ ಪರ ವಕಾಲತ್ತು ವಹಿಸಿದೆನೆಂದು ಯಾರೂ ತಿಳಿಯಬಾರದು. ಟೊಮೆಟೊಗೆ ಎಲ್ಲೆಡೆ ಎರಚುವ ಮ್ಯಾಂಕೋಜೆಬ್‌ನ ಪರವಾನಗಿಯನ್ನು ಯುರೋಪ್ 2020ರ ಡಿಸೆಂಬರಿನಲ್ಲಿ ನವೀಕರಿಸಲು ನಿರಾಕರಿಸಿತು. ಅದೇ ವರ್ಷ ನಮ್ಮ ಕೇಂದ್ರ ಸರ್ಕಾರ ನಿಷೇಧಿಸಲು ಹೊರಟ 27 ವಿಷಗಳ ಕರಡು ಪಟ್ಟಿಯಲ್ಲಿ ಅದೂ ಇತ್ತು. 2023ರಲ್ಲಿ ಅಂತಿಮ ಆದೇಶ ಬಂದಾಗ ಪಾರಾಯಿತು. ಬೆಲೆ ಏರಿದ ದಿನಗಳಲ್ಲಿ ಸಂಜೆ ಔಷಧ ಹೊಡೆದು ಬೆಳಗ್ಗೆ ಕಾಯಿ ಕೊಯ್ದು ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ ಸಾಗಿಸುವ ಆಸೆಯನ್ನು ಎಷ್ಟು ಮಂದಿ ತಡೆದುಕೊಂಡಾರು? ಆ ಹಣ್ಣು ನಗರದ ಮನೆಗಳಿಗೆ ಮಾತ್ರವಲ್ಲ, ನಮ್ಮ ಶಾಲಾ ಮಕ್ಕಳ ಸಾರಿಗೂ ಬರುತ್ತದೆ. ಈ ವಿಷವನ್ನು ಬಿಡಿಸಬೇಕಾದರೆ ನಾವು ಕೊಡುವ ಪರ್ಯಾಯ ಸುಳ್ಳಾಗಿರಬಾರದು. ಒಂದು ಸಲ ಬೆಳೆ ಕಳೆದುಕೊಂಡವನು ಮರುವರ್ಷ ಎರಡರಷ್ಟು ವಿಷ ತರುತ್ತಾನೆ.

ಹಾಗಾದರೆ ನಂಬಬಹುದಾದದ್ದು ಯಾವುದು? ಮಣ್ಣಿನಿಂದ ಬರುವ ಸೊರಗು ರೋಗಕ್ಕೆ ಟ್ರೈಕೋಡರ್ಮ ಒಳ್ಳೆಯ ಸಂಗಾತಿ. ನೂರು ಕಿಲೋ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಒಂದು ಕಿಲೋ ಬೆರೆಸಿ, ಬೇವಿನ ಹಿಂಡಿ ಸೇರಿಸಿ, ನೆರಳಿನಲ್ಲಿ ತೇವ ಆರದಂತೆ ಹದಿನೈದು ದಿನ ಇಟ್ಟು ನಾಟಿಗೆ ಮುನ್ನ ಮಣ್ಣಿಗೆ ಕೊಡಬೇಕು. ಅದೂ ಒಂದು ಶಿಲೀಂಧ್ರವೇ ಆದ್ದರಿಂದ ತಾಮ್ರದೊಡನೆ ಬೆರೆಸಿದರೆ ಸಾಯುತ್ತದೆ; ಇದನ್ನು ಅಂಗಡಿಯವರು ಹೇಳುವುದು ಅಪರೂಪ. ಅಂಗಮಾರಿಗೆ ಎಲೆಯನ್ನು ಒಣಗಿಸಿಡುವುದೇ ಮೊದಲ ಮದ್ದು: ಸಾಲುಗಳ ನಡುವೆ ಗಾಳಿಯಾಡುವಷ್ಟು ಅಂತರ, ಗಿಡಕ್ಕೆ ಊರುಗೋಲು, ಮೇಲಿನಿಂದ ಎರಚದೆ ಬುಡಕ್ಕೆ ಹನಿನೀರು, ಮಣ್ಣು ಸಿಡಿಯದಂತೆ ರಾಗಿಹುಲ್ಲಿನ ಹೊದಿಕೆ, ಬುಡದ ಮಚ್ಚೆ ಎಲೆಗಳನ್ನು ಕಿತ್ತು ಹೊಲದಾಚೆಗೆ ಒಯ್ಯುವುದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಮೊದಲ ಅಂಗಮಾರಿಯನ್ನು ತಾಳಿಕೊಳ್ಳುತ್ತದೆ. ಅನಂತರ ಬಂದ ಅರ್ಕಾ ಅಭೇದ್ ಕೊನೆಯದನ್ನೂ ತಾಳುತ್ತದೆ. ಇವು ಸಂಕರ ತಳಿಗಳು, ಬೀಜ ಎತ್ತಿಟ್ಟುಕೊಳ್ಳಲಾಗದು. ನಮ್ಮಂಥವರಿಗೆ ಇದು ಒಪ್ಪಲು ಕಷ್ಟ. ಆದರೂ ಹತ್ತು ಸಲ ವಿಷ ಹೊಡೆಯುವುದಕ್ಕಿಂತ ಇದು ಮೇಲೆಂದು ನನ್ನ ಎಣಿಕೆ. ಸಸ್ಯರಸಗಳ ಸ್ಥಾನ ಇವೆಲ್ಲದರ ನಂತರ, ರೋಗ ಕಾಣುವ ಮುನ್ನ.

ಆ ಸ್ಥಾನ ಎಷ್ಟು ದೊಡ್ಡದೆಂಬುದನ್ನು ನಮ್ಮ ಹೊಲಗಳಲ್ಲಿಯೇ ಅಳೆಯಬೇಕು. ಗುಬ್ಬಿ, ಕುಣಿಗಲ್ ಮತ್ತು ತುಮಕೂರು ತಾಲ್ಲೂಕುಗಳಲ್ಲಿ ತಲಾ ಎರಡು ಹೊಲಗಳನ್ನು ಆರಿಸಿಕೊಂಡು, ಕುದಿಸದ ಬೆಳ್ಳುಳ್ಳಿ ರಸಕ್ಕೆ ಎರಡು ಸಾಲು, ಹುಳಿಮಜ್ಜಿಗೆಗೆ ಎರಡು, ಏನನ್ನೂ ಹೊಡೆಯದೆ ಎರಡು ಸಾಲು ಬಿಟ್ಟು, ವಾರಕ್ಕೊಮ್ಮೆ ಮಚ್ಚೆ ಎಲೆಗಳನ್ನು ಎಣಿಸಿ ಬರೆದಿಡುವ ಕೆಲಸ ಇದು. ಎಣಿಸಲು ವಿದ್ಯಾರ್ಥಿಗಳು ಬೇಕು. ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರ ಸಲಹೆಯನ್ನೂ ಕೇಳೋಣ. ಗುಬ್ಬಿಯ ಆ ರೈತರನ್ನೇ ಮೊದಲು ಕೇಳಿದೆವು. ಸ್ವಲ್ಪ ಹೊತ್ತು ಯೋಚಿಸಿ, "ಏನೂ ಹೊಡೆಯದ ಸಾಲು ಹೋದರೆ ಅದರ ನಷ್ಟ ಯಾರದು?" ಎಂದರು. ನಮ್ಮದು ಎಂದಿದ್ದೇವೆ. ಎಷ್ಟೆಂದು ಮುಂದಿನ ಸಭೆಯಲ್ಲಿ ಎಲ್ಲರೂ ಕೂಡಿ ನಿರ್ಧರಿಸಬೇಕಾಗಿದೆ.